ಗೃಹ ಸಹಕಾರ ಸಂಘಗಳು: ಹಣಕಾಸು ಮತ್ತು ದಕ್ಷ ನಿರ್ವಹಣೆ

ಅನ್ನ, ವಸ್ತ್ರಗಳ ನಂತರ ಮನುಷ್ಯನಿಗೆ ಬೇಕಾದುದು ತಲೆಯ ಮೇಲೊಂದು ಸೂರು. ಮಹಾನಗರಗಳಲ್ಲಿ ಈ ಸೂರನ್ನು ಒಬ್ಬೊಬ್ಬರೇ ಸಂಪಾದಿಸಿಕೊಳ್ಳುವುದು ಸುಲಭವಲ್ಲ. ನಿವೇಶನದ ಬೆಲೆ, ಕಟ್ಟಡದ ವೆಚ್ಚ, ನೀರು ಮತ್ತು ವಿದ್ಯುತ್ತಿನ ವ್ಯವಸ್ಥೆ ಇವೆಲ್ಲವೂ ಸಾಮಾನ್ಯ ಸಂಬಳದ ಕುಟುಂಬದ ಶಕ್ತಿಯನ್ನು ಮೀರುತ್ತವೆ. ಹಲವರು ಕೂಡಿ ಹಣ ಹಾಕಿ, ಕೂಡಿ ಸಾಲ ಪಡೆದು, ಕೂಡಿಯೇ ಕಟ್ಟಡವನ್ನು ಕಾಪಾಡಿಕೊಳ್ಳುವ ವ್ಯವಸ್ಥೆಯೇ ಗೃಹ ಸಹಕಾರ ಸಂಘ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಕಟ್ಟುವ ಕಷ್ಟವನ್ನಷ್ಟೇ ಹೇಳುತ್ತದೆ. ಕಟ್ಟಿದ ಮೇಲೆ ಅದನ್ನು ನಲವತ್ತು ಕುಟುಂಬಗಳು ಸೇರಿ ಮೂವತ್ತು ನಲವತ್ತು ವರ್ಷ ಸುಸ್ಥಿತಿಯಲ್ಲಿಡುವುದು ಅದಕ್ಕಿಂತ ಕಠಿಣವಾದ ಕೆಲಸ. ಬಹುತೇಕ ಸಂಘಗಳು ಸೋಲುವುದು ಈ ಎರಡನೆಯ ಹಂತದಲ್ಲಿಯೇ.

ಹಿನ್ನೆಲೆ

ಭಾರತದಲ್ಲಿ ಸಹಕಾರ ಚಳವಳಿಗೆ ಕಾನೂನಿನ ಆಧಾರ ದೊರೆತದ್ದು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಿಂದ. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. ವಸತಿ ಕ್ಷೇತ್ರದಲ್ಲಿ 1909ರಲ್ಲಿ ಪ್ರಾರಂಭವಾದ ಬೆಂಗಳೂರು ಕಟ್ಟಡ ಸಹಕಾರ ಸಂಘವನ್ನು ದೇಶದ ಮೊದಲನೆಯ ಗೃಹ ಸಹಕಾರ ಸಂಘವೆಂದು ಪರಿಗಣಿಸಲಾಗಿದೆ. 1912ರ ಕಾಯಿದೆಯು ಸಾಲ ವ್ಯವಹಾರವಲ್ಲದ ಇತರ ಉದ್ದೇಶಗಳಿಗೂ ಸಹಕಾರ ಸಂಘ ಸ್ಥಾಪಿಸಲು ಅವಕಾಶ ನೀಡಿತು.

ಈ ಅವಕಾಶವನ್ನು ಮುಂಬಯಿಯಲ್ಲಿ ಮೊದಲು ಬಳಸಿಕೊಂಡವರು ಕನ್ನಡ ಕರಾವಳಿಯಿಂದ ಉದ್ಯೋಗವನ್ನರಸಿ ಹೋದವರು. ಉತ್ತರ ಕನ್ನಡ ಜಿಲ್ಲೆಯ ಶಿರಾಲಿಯಲ್ಲಿ ಮಠವುಳ್ಳ ಚಿತ್ರಾಪುರ ಸಾರಸ್ವತ ಸಮುದಾಯದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠ್ಠಲ ಸಹಕಾರಿ ಪತ್ತಿನ ಸಂಘವನ್ನೂ, 1915ರಲ್ಲಿ ಗಾಂವದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘವನ್ನೂ ಕಟ್ಟಿ ಬೆಳೆಸಿದರು. ಭೂಮಿ ಮತ್ತು ಕಟ್ಟಡಗಳು ಸಂಘದ ಸ್ವತ್ತಾಗಿದ್ದು, ಸದಸ್ಯರು ಒಡೆಯರೂ ಬಾಡಿಗೆದಾರರೂ ಆಗಿರುವ ಪದ್ಧತಿ ಅಲ್ಲಿ ನೆಲೆಗೊಂಡಿತು. ಪತ್ತಿನ ಸಂಘ ಮೊದಲು, ಗೃಹ ಸಂಘ ಅನಂತರ ಎಂಬ ಈ ಕ್ರಮದಲ್ಲಿ ಒಂದು ಪಾಠವಿದೆ. ಕೂಡಿ ಉಳಿಸುವ ಶಿಸ್ತನ್ನು ಕಲಿತವರಿಗೆ ಕೂಡಿ ಬಾಳುವ ಶಿಸ್ತು ಸುಲಭವಾಗಿ ಒಲಿಯುತ್ತದೆ.

ಕಾನೂನಿನ ಚೌಕಟ್ಟು

ಸಹಕಾರ ಸಂಘಗಳು ರಾಜ್ಯ ಪಟ್ಟಿಗೆ ಸೇರಿದ ವಿಷಯ. ಆದ್ದರಿಂದ ಮುಂಬಯಿ, ಪುಣೆಗಳಲ್ಲಿ 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯಿದೆ, ಚೆನ್ನೈಯಲ್ಲಿ 1983ರ ತಮಿಳುನಾಡು ಕಾಯಿದೆ, ದಿಲ್ಲಿಯಲ್ಲಿ 2003ರ ದಿಲ್ಲಿ ಕಾಯಿದೆ ಅನ್ವಯವಾಗುತ್ತವೆ. ಸಂವಿಧಾನದ 97ನೆಯ ತಿದ್ದುಪಡಿಯು ಸಹಕಾರ ಸಂಘ ರಚಿಸುವುದನ್ನು 19ನೆಯ ಅನುಚ್ಛೇದದ ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು. ಅದೇ ತಿದ್ದುಪಡಿ ಸಂಘಗಳ ಆಡಳಿತದ ಬಗ್ಗೆ ಸೇರಿಸಿದ್ದ ಭಾಗವು ರಾಜ್ಯಗಳ ಸಂಘಗಳಿಗೆ ಅನ್ವಯವಾಗದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತಿತು. ಮಹಾರಾಷ್ಟ್ರವು 2019ರಲ್ಲಿ ತನ್ನ ಕಾಯಿದೆಗೆ ಗೃಹ ಸಂಘಗಳಿಗಾಗಿಯೇ ಒಂದು ಪ್ರತ್ಯೇಕ ಅಧ್ಯಾಯವನ್ನು ಸೇರಿಸಿದೆ. ಕಾಯಿದೆಯ ಕೆಳಗೆ ನಿಯಮಗಳು, ನಿಯಮಗಳ ಕೆಳಗೆ ಬೈಲಾ ಎಂದೇ ಬಳಕೆಯಲ್ಲಿರುವ ಉಪವಿಧಿಗಳು ಬರುತ್ತವೆ. ದಿನನಿತ್ಯದ ವ್ಯವಹಾರಕ್ಕೆ ಉಪವಿಧಿಯೇ ಕೈಪಿಡಿ. ಇಲ್ಲಿ ಕೊಟ್ಟಿರುವ ದರ, ಅವಧಿಗಳು ಮಹಾರಾಷ್ಟ್ರದ 2014ರ ಮಾದರಿ ಉಪವಿಧಿಗಳನ್ನು ಆಧರಿಸಿವೆ. ಬೇರೆ ರಾಜ್ಯಗಳಲ್ಲಿ ಅಂಕಿಗಳು ಬೇರೆಯಾದರೂ ಮೂಲತತ್ತ್ವ ಒಂದೇ.

ಕಟ್ಟುವ ಕಾಲದ ಹಣ

ಗೃಹ ಸಂಘದ ಆರಂಭಿಕ ಬಂಡವಾಳಕ್ಕೆ ಮುಖ್ಯವಾಗಿ ಮೂರು ಮೂಲಗಳಿವೆ: ಸದಸ್ಯರ ಷೇರು ಹಣ, ಮನೆಯ ಬೆಲೆಯ ಪೈಕಿ ಸದಸ್ಯರು ಮುಂಗಡವಾಗಿ ತುಂಬುವ ಪಾಲು, ಮತ್ತು ಹೊರಗಿನ ಸಾಲ. ಷೇರು ಹಣದ ಮೊತ್ತ ಚಿಕ್ಕದು. ಅದು ಸದಸ್ಯತ್ವದ ಗುರುತೇ ಹೊರತು ಬಂಡವಾಳವಲ್ಲ. ನಿಜವಾದ ಭಾರವನ್ನು ಹೊರುವುದು ಮುಂಗಡ ಹಣ ಮತ್ತು ಸಾಲ.

ಹಲವು ದಶಕಗಳ ಕಾಲ ಈ ಸಾಲವು ಮೇಲಿನಿಂದ ಕೆಳಕ್ಕೆ ಹರಿದು ಬರುತ್ತಿತ್ತು. ಜೀವ ವಿಮಾ ನಿಗಮ, 1970ರಲ್ಲಿ ಸ್ಥಾಪನೆಯಾದ ಹುಡ್ಕೊ ಮೊದಲಾದ ಸಂಸ್ಥೆಗಳು ರಾಜ್ಯಮಟ್ಟದ ಗೃಹ ಸಹಕಾರ ಮಹಾಮಂಡಲಗಳಿಗೆ ಹಣ ನೀಡುತ್ತಿದ್ದವು. ಮಹಾಮಂಡಲಗಳು ಪ್ರಾಥಮಿಕ ಸಂಘಗಳಿಗೂ, ಸಂಘಗಳು ಸದಸ್ಯರಿಗೂ ಸಾಲ ಹಂಚುತ್ತಿದ್ದವು. ಈ ಮಹಾಮಂಡಲಗಳನ್ನು ಒಗ್ಗೂಡಿಸುವ ರಾಷ್ಟ್ರೀಯ ಗೃಹ ಸಹಕಾರ ಮಹಾಮಂಡಲ 1969ರಲ್ಲಿ, ಗೃಹ ಹಣಕಾಸು ವ್ಯವಸ್ಥೆಗೆ ಶಿಖರ ಸಂಸ್ಥೆಯಾಗಿ ರಾಷ್ಟ್ರೀಯ ವಸತಿ ಬ್ಯಾಂಕು 1988ರಲ್ಲಿ ಸ್ಥಾಪನೆಯಾದವು. ಸಂಘದ ಹೆಸರಿನಲ್ಲಿ ಪಡೆದ ಸಾಲಕ್ಕೆ ಸಂಘವೇ ಹೊಣೆ. ಕೆಲವರು ಕಂತು ತಪ್ಪಿಸಿದರೂ ಎಲ್ಲರ ಸ್ವತ್ತಿನ ಮೇಲಿನ ಋಣಭಾರ ಮುಂದುವರಿಯುತ್ತದೆ. ಇಂತಹ ಸಾಲವನ್ನು ಪಡೆಯುವ ಮೊದಲು ಪ್ರತಿಯೊಬ್ಬ ಸದಸ್ಯನ ಆದಾಯ ಮತ್ತು ಮರುಪಾವತಿಯ ಶಕ್ತಿಯನ್ನು ಪರಿಶೀಲಿಸುವುದು ಅತ್ಯವಶ್ಯ.

ಬ್ಯಾಂಕುಗಳು ವ್ಯಕ್ತಿಗಳಿಗೆ ನೇರವಾಗಿ ಗೃಹಸಾಲ ಕೊಡತೊಡಗಿದ ಮೇಲೆ ಮಹಾಮಂಡಲಗಳ ಮೂಲಕ ಬರುವ ಸಾಲದ ಪ್ರಾಮುಖ್ಯ ಕುಗ್ಗಿದೆ. 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ನಗರ ಸಹಕಾರಿ ಬ್ಯಾಂಕುಗಳು ನೀಡಬಹುದಾದ ವೈಯಕ್ತಿಕ ಗೃಹಸಾಲದ ಮಿತಿಯನ್ನು ಒಂದನೆಯ ದರ್ಜೆಯ ಬ್ಯಾಂಕುಗಳಿಗೆ 30 ಲಕ್ಷದಿಂದ 60 ಲಕ್ಷ ರೂಪಾಯಿಗೂ, ಎರಡನೆಯ ದರ್ಜೆಯವುಗಳಿಗೆ 70 ಲಕ್ಷದಿಂದ 1 ಕೋಟಿ 40 ಲಕ್ಷ ರೂಪಾಯಿಗೂ ಏರಿಸಿತು. ಸಾಲ ಸದಸ್ಯನ ಹೆಸರಿನಲ್ಲಿದ್ದರೂ ಸಂಘದ ಹೊಣೆ ಮುಗಿಯುವುದಿಲ್ಲ. ಬ್ಯಾಂಕಿನ ಹಕ್ಕನ್ನು ತನ್ನ ಪುಸ್ತಕದಲ್ಲಿ ನಮೂದಿಸಿಕೊಳ್ಳುವುದು, ಸಾಲ ತೀರುವವರೆಗೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮನೆಯನ್ನು ವರ್ಗಾಯಿಸದಿರುವುದು ಅದರ ಕರ್ತವ್ಯ.

ಆರಂಭದ ಹಂತದಲ್ಲಿ ಹಣ ಕಳೆದುಹೋಗುವುದು ಹೆಚ್ಚಾಗಿ ಮಧ್ಯವರ್ತಿಗಳ ಮೂಲಕ. ಬೆಂಗಳೂರಿನ ಗೃಹನಿರ್ಮಾಣ ಸಂಘವೊಂದು ಏಜೆಂಟರ ಮೂಲಕ ಮಾಡಿಸಿಕೊಂಡಿದ್ದ ಭೂಸ್ವಾಧೀನವನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ರದ್ದುಪಡಿಸಿತು. ದಿಲ್ಲಿಯಲ್ಲಿ ನಿಷ್ಕ್ರಿಯವಾಗಿದ್ದ ಸಂಘಗಳನ್ನು ನಕಲಿ ಸದಸ್ಯರ ಪಟ್ಟಿಯಿಂದ ಪುನರುಜ್ಜೀವನಗೊಳಿಸಿ ನಿವೇಶನ ಪಡೆದ ಪ್ರಕರಣಗಳು ಕೇಂದ್ರೀಯ ತನಿಖಾ ದಳದ ತನಿಖೆಗೆ ಒಳಗಾದವು. ಹಣ ತುಂಬುವ ಮೊದಲು ಸಂಘದ ನೋಂದಣಿ, ಸದಸ್ಯರ ಪಟ್ಟಿ, ಜಮೀನಿನ ಹಕ್ಕುಪತ್ರ ಮತ್ತು ಹಿಂದಿನ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿಯನ್ನು ನೋಡುವುದು ಪ್ರತಿಯೊಬ್ಬ ಸದಸ್ಯನಿಗೂ ಹಿತಕರ. ಬಿಲ್ಡರ್ ಕಟ್ಟಿದ ಯೋಜನೆಗಳಲ್ಲಿ ಖರೀದಿದಾರರಿಂದ ಪಡೆದ ಹಣದ ಶೇಕಡಾ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಯ ಭೂಮಿ ಮತ್ತು ಕಟ್ಟಡದ ವೆಚ್ಚಕ್ಕೆ ಬಳಸಬೇಕೆಂದು 2016ರ ರೇರಾ ಕಾಯಿದೆ ವಿಧಿಸುತ್ತದೆ.

ವಾಸದ ಕಾಲದ ಹಣ

ಕೀಲಿಕೈ ದೊರೆತ ದಿನದಿಂದ ಎರಡನೆಯ ಬಗೆಯ ಹಣಕಾಸು ಪ್ರಾರಂಭವಾಗುತ್ತದೆ. ಸಂಘವು ಪ್ರತಿ ತಿಂಗಳೂ ಸಂಗ್ರಹಿಸುವ ಮೊತ್ತದಲ್ಲಿ ಹಲವು ಬಾಬುಗಳಿವೆ. ಅವುಗಳನ್ನು ಹಂಚುವ ಕ್ರಮವೂ ಬೇರೆ ಬೇರೆ.

1. ಆಸ್ತಿ ತೆರಿಗೆ: ಸ್ಥಳೀಯ ಸಂಸ್ಥೆಯು ನಿಗದಿಪಡಿಸಿದಂತೆ ಆಯಾ ಮನೆಗೆ.
2. ನೀರಿನ ವೆಚ್ಚ: ಮನೆಯಲ್ಲಿರುವ ನಲ್ಲಿಗಳ ಸಂಖ್ಯೆ ಮತ್ತು ಅಳತೆಗೆ ಅನುಗುಣವಾಗಿ.
3. ಸೇವಾ ಶುಲ್ಕ, ಅಂದರೆ ಕಾವಲುಗಾರರ ಮತ್ತು ಸಿಬ್ಬಂದಿಯ ಸಂಬಳ, ಮೆಟ್ಟಿಲಿನ ದೀಪ, ಕಚೇರಿ ವೆಚ್ಚ ಇತ್ಯಾದಿ: ಎಲ್ಲ ಮನೆಗಳಿಗೂ ಸಮಾನವಾಗಿ.
4. ಲಿಫ್ಟಿನ ವೆಚ್ಚ: ಎಲ್ಲರಿಗೂ ಸಮಾನವಾಗಿ.
5. ದುರಸ್ತಿ ಮತ್ತು ನಿರ್ವಹಣಾ ನಿಧಿ: ಪ್ರತಿ ಮನೆಯ ನಿರ್ಮಾಣ ವೆಚ್ಚದ ಕನಿಷ್ಠ ಶೇಕಡಾ 0.75, ವರ್ಷಕ್ಕೆ.
6. ಸಿಂಕಿಂಗ್ ಫಂಡ್: ಭೂಮಿಯ ಬೆಲೆಯನ್ನು ಬಿಟ್ಟು ನಿರ್ಮಾಣ ವೆಚ್ಚದ ಕನಿಷ್ಠ ಶೇಕಡಾ 0.25, ವರ್ಷಕ್ಕೆ.

ದೊಡ್ಡ ಮನೆಯವನು ಕಾವಲುಗಾರನ ಸಂಬಳಕ್ಕೆ ಹೆಚ್ಚು ಕೊಡಬೇಕೆಂಬ ವಾದ ಅನೇಕ ಸಂಘಗಳಲ್ಲಿ ಜಗಳಕ್ಕೆ ಕಾರಣವಾಗಿದೆ. ಸೇವೆ ಎಲ್ಲರಿಗೂ ಸಮಾನವಾದುದರಿಂದ ವೆಚ್ಚವೂ ಸಮಾನ ಎಂಬುದು ಉಪವಿಧಿಯ ತರ್ಕ. ಕಟ್ಟಡದ ಸವಕಳಿಗೆ ಸಂಬಂಧಿಸಿದ ನಿಧಿಗಳು ಮಾತ್ರ ನಿರ್ಮಾಣ ವೆಚ್ಚವನ್ನು ಅನುಸರಿಸುತ್ತವೆ.

ಕೊನೆಯ ಎರಡು ನಿಧಿಗಳ ಮಹತ್ತ್ವವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಒಂದು ಸಂಘದಲ್ಲಿ 40 ಮನೆಗಳಿದ್ದು, ಪ್ರತಿ ಮನೆಯ ನಿರ್ಮಾಣ ವೆಚ್ಚ 20 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಸಿಂಕಿಂಗ್ ಫಂಡಿಗೆ ಪ್ರತಿ ಮನೆಯಿಂದ ವರ್ಷಕ್ಕೆ 5,000 ರೂಪಾಯಿ, ದುರಸ್ತಿ ನಿಧಿಗೆ 15,000 ರೂಪಾಯಿ ಬರಬೇಕು. ಎರಡೂ ಸೇರಿದರೆ ತಿಂಗಳಿಗೆ ಮನೆಯೊಂದಕ್ಕೆ ಸುಮಾರು 1,667 ರೂಪಾಯಿ. ಸಿಂಕಿಂಗ್ ಫಂಡಿನ ವಾರ್ಷಿಕ 2 ಲಕ್ಷ ರೂಪಾಯಿಯನ್ನು ಪ್ರತಿ ವರ್ಷದ ಕೊನೆಗೆ ಶೇಕಡಾ 6ರ ಚಕ್ರಬಡ್ಡಿಯಲ್ಲಿ ತೊಡಗಿಸುತ್ತ ಹೋದರೆ 25 ವರ್ಷಗಳ ಕೊನೆಗೆ ಸುಮಾರು 1 ಕೋಟಿ 10 ಲಕ್ಷ ರೂಪಾಯಿ ಕೂಡುತ್ತದೆ. ಇದರಲ್ಲಿ ಸದಸ್ಯರು ಕೊಟ್ಟದ್ದು 50 ಲಕ್ಷ, ಉಳಿದದ್ದು ಬಡ್ಡಿ. ಇದೇ ನಿಧಿಯನ್ನು ಕೂಡಿಸದೆ ಬಿಟ್ಟ ಸಂಘಕ್ಕೆ 25ನೆಯ ವರ್ಷದಲ್ಲಿ 1 ಕೋಟಿ ರೂಪಾಯಿಯ ದುರಸ್ತಿ ಎದುರಾದರೆ ಪ್ರತಿ ಮನೆಯೂ ಒಮ್ಮೆಗೇ ಎರಡೂವರೆ ಲಕ್ಷ ರೂಪಾಯಿ ತರಬೇಕಾಗುತ್ತದೆ. ಆ ಹೊತ್ತಿಗೆ ಮೊದಲ ಸದಸ್ಯರಲ್ಲಿ ಅನೇಕರು ನಿವೃತ್ತರಾಗಿರುತ್ತಾರೆ. ಪಿಂಚಣಿಯಿಂದ ಆ ಹಣ ಹೊರಡುವುದಿಲ್ಲ. ತಿಂಗಳ ಬಿಲ್ಲನ್ನು ಕಡಿಮೆ ತೋರಿಸಿ ಹೊಗಳಿಸಿಕೊಳ್ಳುವ ಆಡಳಿತ ಮಂಡಲಿಯು ವಾಸ್ತವದಲ್ಲಿ ವೃದ್ಧಾಪ್ಯದಲ್ಲಿರುವ ಸದಸ್ಯರ ತಲೆಯ ಮೇಲೆ ಸಾಲ ಹೊರಿಸುತ್ತಿರುತ್ತದೆ.

ಮನೆಯನ್ನು ಬಾಡಿಗೆಗೆ ಕೊಟ್ಟ ಸದಸ್ಯನಿಂದ ವಸೂಲು ಮಾಡುವ ಅನಿವಾಸ ಶುಲ್ಕವು ಸೇವಾ ಶುಲ್ಕದ ಶೇಕಡಾ 10ನ್ನು ಮೀರುವಂತಿಲ್ಲ. ಮಹಾನಗರ ಪಾಲಿಕೆ ಪ್ರದೇಶದಲ್ಲಿ ಮನೆಯ ವರ್ಗಾವಣೆಯ ಪ್ರೀಮಿಯಂ 25,000 ರೂಪಾಯಿಯನ್ನು ದಾಟುವಂತಿಲ್ಲ. 'ದೇಣಿಗೆ'ಯ ಹೆಸರಿನಲ್ಲಿ ಇದಕ್ಕಿಂತ ಹೆಚ್ಚು ಪಡೆಯುವುದು ನಿಯಮಬಾಹಿರ. ಇನ್ನು, ಪ್ರತಿ ಸದಸ್ಯನ ಮಾಸಿಕ ನಿರ್ವಹಣಾ ವಂತಿಗೆ 7,500 ರೂಪಾಯಿಯವರೆಗೆ ಇದ್ದರೆ ಅದಕ್ಕೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿಯನ್ನು 2018ರ ಜನವರಿಯಿಂದ ನೀಡಲಾಗಿದೆ.

ಬಾಕಿಯ ಸಮಸ್ಯೆ

ಮೇಲಿನ ಉದಾಹರಣೆಯ ಸಂಘದಲ್ಲಿ ಮಾಸಿಕ ಬಿಲ್ಲು 3,000 ರೂಪಾಯಿ ಇದ್ದು, ಐದು ಮನೆಯವರು ಕೊಡುವುದನ್ನು ನಿಲ್ಲಿಸಿದರೆ ವರ್ಷಕ್ಕೆ 1 ಲಕ್ಷ 80 ಸಾವಿರ ರೂಪಾಯಿ ಬಾಕಿ ಉಳಿಯುತ್ತದೆ. ಇದು ಇಡೀ ಸಂಘದ ಸಿಂಕಿಂಗ್ ಫಂಡಿನ ವಾರ್ಷಿಕ ಮೊತ್ತಕ್ಕೆ ಹತ್ತಿರ ಹತ್ತಿರ ಸಮ. ಕಾವಲುಗಾರನ ಸಂಬಳವನ್ನು ನಿಲ್ಲಿಸಲಾಗದು, ವಿದ್ಯುತ್ ಬಿಲ್ಲನ್ನು ಮುಂದೂಡಲಾಗದು. ಆದ್ದರಿಂದ ಕೊರತೆ ಬೀಳುವುದು ನಿಧಿಗಳ ಮೇಲೆಯೇ. ಸುಸ್ತಿದಾರನ ಭಾರವನ್ನು ಹೊರುವವನು ಕ್ರಮವಾಗಿ ಹಣ ಕೊಡುವ ನೆರೆಯವನು.

ಬಾಕಿಯ ಮೇಲೆ ವರ್ಷಕ್ಕೆ ಶೇಕಡಾ 21ನ್ನು ಮೀರದ ಸರಳ ಬಡ್ಡಿ ವಿಧಿಸಲು 2014ರ ಮಾದರಿ ಉಪವಿಧಿಗಳು ಅವಕಾಶ ಕೊಟ್ಟಿವೆ. ನಿಯಮಗಳಿಗೆ ತಿದ್ದುಪಡಿಗಳು ಆಗುತ್ತಿರುವುದರಿಂದ ಚಾಲ್ತಿಯಲ್ಲಿರುವ ದರವನ್ನು ನಿಬಂಧಕರ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ನೋಟೀಸುಗಳಿಗೆ ಮಣಿಯದ ಸುಸ್ತಿದಾರರ ವಿಷಯದಲ್ಲಿ ಸಂಘವು ನಿಬಂಧಕರಿಂದ ವಸೂಲಾತಿ ಪ್ರಮಾಣಪತ್ರವನ್ನು ಪಡೆಯಬಹುದು. ಭೂಕಂದಾಯದ ಬಾಕಿಯಂತೆ ಹಣವನ್ನು ವಸೂಲು ಮಾಡಲು ಅದು ದಾರಿ ಮಾಡಿಕೊಡುತ್ತದೆ. ಆದರೆ ನೀರನ್ನು ನಿಲ್ಲಿಸುವುದು, ಲಿಫ್ಟಿಗೆ ತಡೆ ಒಡ್ಡುವುದು, ಹೆಸರನ್ನು ಫಲಕದಲ್ಲಿ ಹಾಕಿ ಅವಮಾನಿಸುವುದು ಇಂತಹ ಕ್ರಮಗಳು ಸಂಘವನ್ನೇ ವ್ಯಾಜ್ಯಕ್ಕೆ ಸಿಲುಕಿಸುತ್ತವೆ. ಮೂರು ತಿಂಗಳ ಬಾಕಿಯನ್ನು ಮಾತಿನಲ್ಲಿ ಬಗೆಹರಿಸಬಹುದು, ಮೂರು ವರ್ಷದ ಬಾಕಿಗೆ ಕಚೇರಿಯ ಮೆಟ್ಟಿಲನ್ನೇ ಹತ್ತಬೇಕು. ಆದ್ದರಿಂದ ತಡಮಾಡದಿರುವುದೇ ವಸೂಲಾತಿಯ ಮೊದಲ ಸೂತ್ರ.

ನಿಧಿಯ ರಕ್ಷಣೆ

ಕೂಡಿಸಿದ ಹಣವನ್ನು ಎಲ್ಲಿ ಇಡಬೇಕೆಂಬುದು ಮುಂದಿನ ಪ್ರಶ್ನೆ. ಕಾಯಿದೆಯು ಸೂಚಿಸಿದ ಬ್ಯಾಂಕು ಮತ್ತು ಭದ್ರತಾ ಪತ್ರಗಳಲ್ಲಿ ಮಾತ್ರ ಹಣ ತೊಡಗಿಸತಕ್ಕದ್ದು. 2019ರ ಸೆಪ್ಟೆಂಬರ್‌ನಲ್ಲಿ ಮುಂಬಯಿಯ ಒಂದು ದೊಡ್ಡ ನಗರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ವಿಧಿಸಿದಾಗ ಅಲ್ಲಿ ಠೇವಣಿ ಇಟ್ಟಿದ್ದ ಅನೇಕ ಗೃಹ ಸಂಘಗಳ ದುರಸ್ತಿ ನಿಧಿಗಳು ಸಿಕ್ಕಿಕೊಂಡವು. ಠೇವಣಿ ವಿಮೆಯ ಮಿತಿ ಆಗ ಕೇವಲ 1 ಲಕ್ಷ ರೂಪಾಯಿ ಇತ್ತು. 2020ರ ಫೆಬ್ರವರಿ 4ರಿಂದ ಅದನ್ನು 5 ಲಕ್ಷಕ್ಕೆ ಏರಿಸಲಾಯಿತು. ಈ ಮಿತಿಯು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅನ್ವಯಿಸುವಂಥದು. ನಲವತ್ತು ಕುಟುಂಬಗಳ ಹಣವಾದರೂ ಸಂಘವು ಒಬ್ಬನೇ ಠೇವಣಿದಾರ. ಅರ್ಧ ಶೇಕಡಾ ಹೆಚ್ಚು ಬಡ್ಡಿಯ ಆಸೆಗೆ ಇಡೀ ನಿಧಿಯನ್ನು ಒಂದೇ ಕಡೆ ಇಡುವುದು ವಿವೇಕವಲ್ಲ.

ಚೆಕ್ಕಿಗೆ ಕನಿಷ್ಠ ಇಬ್ಬರು ಪದಾಧಿಕಾರಿಗಳ ಸಹಿ ಇರಬೇಕು. ಕೈಯಲ್ಲಿರುವ ನಗದಿಗೆ ಮಿತಿ ಇರಬೇಕು. ಪ್ರತಿ ಪಾವತಿಗೂ ರಶೀದಿ ಬೇಕು. ದೊಡ್ಡ ಕೆಲಸಗಳಿಗೆ ಮೊಹರು ಮಾಡಿದ ದರಪಟ್ಟಿಗಳನ್ನು ತರಿಸಿ ಸಭೆಯಲ್ಲಿಯೇ ತೆರೆಯಬೇಕು. ಸಿಂಕಿಂಗ್ ಫಂಡನ್ನು ದಿನನಿತ್ಯದ ವೆಚ್ಚಕ್ಕೆ ಮುಟ್ಟದೆ, ಕಟ್ಟಡದ ಪುನರ್ನಿರ್ಮಾಣ ಅಥವಾ ಭಾರಿ ದುರಸ್ತಿಗೆ ಮಹಾಸಭೆಯ ನಿರ್ಣಯದ ಮೇಲೆಯೇ ಬಳಸಬೇಕು.

ಆಡಳಿತ ಮತ್ತು ದಾಖಲೆ

ಸಂಘದ ಪರಮಾಧಿಕಾರ ಇರುವುದು ಮಹಾಸಭೆಯಲ್ಲಿ. ಆಡಳಿತ ಮಂಡಲಿಯು ಅದರ ನಿರ್ಣಯಗಳನ್ನು ಕಾರ್ಯಗತಗೊಳಿಸುವ ಅಂಗ ಮಾತ್ರ. ಮಹಾರಾಷ್ಟ್ರದಲ್ಲಿ ಹಣಕಾಸು ವರ್ಷ ಮುಗಿದ ನಾಲ್ಕು ತಿಂಗಳೊಳಗೆ ಲೆಕ್ಕಪರಿಶೋಧನೆ, ಆರು ತಿಂಗಳೊಳಗೆ, ಅಂದರೆ ಸೆಪ್ಟೆಂಬರ್ 30ರ ಒಳಗೆ, ವಾರ್ಷಿಕ ಮಹಾಸಭೆ ನಡೆಯಬೇಕು. ಮಂಡಲಿಯ ಅವಧಿ ಐದು ವರ್ಷ. ಸದಸ್ಯರ ಸಂಖ್ಯೆ 250ರ ಒಳಗಿರುವ ಸಂಘಗಳು 2019ರ ತಿದ್ದುಪಡಿಯಂತೆ ತಮ್ಮ ಚುನಾವಣೆಯನ್ನು ತಾವೇ ನಡೆಸಿಕೊಳ್ಳಬಹುದು.

ಸದಸ್ಯರ ನೋಂದಣಿ ಪುಸ್ತಕ, ಷೇರು ಪುಸ್ತಕ, ನಾಮನಿರ್ದೇಶನ ಪುಸ್ತಕ, ನಡವಳಿ ಪುಸ್ತಕ, ನಗದು ಪುಸ್ತಕ ಮತ್ತು ಖಾತೆ ಪುಸ್ತಕಗಳು ಸಂಘದ ಬೆನ್ನೆಲುಬು. ಕಾರ್ಯದರ್ಶಿ ಬದಲಾದಾಗ ಇವೆಲ್ಲವನ್ನೂ ಪಟ್ಟಿ ಮಾಡಿ ಸಹಿ ಪಡೆದು ಹಸ್ತಾಂತರಿಸಬೇಕು. ನಾಮನಿರ್ದೇಶನದ ಬಗ್ಗೆ ವಿಶೇಷ ಎಚ್ಚರ ಬೇಕು. ಸದಸ್ಯನ ಮರಣಾನಂತರ ಸಂಘವು ಯಾರೊಡನೆ ವ್ಯವಹರಿಸಬೇಕೆಂಬುದನ್ನು ಅದು ತಿಳಿಸುತ್ತದೆಯೇ ಹೊರತು ಮನೆಯ ಮಾಲೀಕತ್ವವನ್ನು ನಿರ್ಣಯಿಸುವುದಿಲ್ಲ. ಆ ಹಕ್ಕು ಮರಣಶಾಸನ ಅಥವಾ ವಾರಸುದಾರಿಕೆಯ ಕಾನೂನಿನಂತೆ ತೀರ್ಮಾನವಾಗುತ್ತದೆ. ಊರಿನಲ್ಲಿ ಒಬ್ಬ ಮಗ, ಮುಂಬಯಿಯಲ್ಲಿ ಇನ್ನೊಬ್ಬ ಮಗ ಇರುವ ಕುಟುಂಬಗಳಲ್ಲಿ ಈ ವ್ಯತ್ಯಾಸ ತಿಳಿಯದೆ ವ್ಯಾಜ್ಯಗಳು ಹುಟ್ಟುತ್ತವೆ.

ಭೂಮಿಯ ಹಕ್ಕು

ಮನೆಯ ಕರಾರುಪತ್ರ ಕೈಯಲ್ಲಿದ್ದ ಮಾತ್ರಕ್ಕೆ ಕಟ್ಟಡದ ಕೆಳಗಿನ ಭೂಮಿ ಸಂಘದ್ದಾಗುವುದಿಲ್ಲ. 1963ರ ಮಹಾರಾಷ್ಟ್ರ ಫ್ಲಾಟ್ ಮಾಲೀಕತ್ವ ಕಾಯಿದೆಯ ನಿಯಮಗಳಂತೆ ಸಂಘ ನೋಂದಣಿಯಾದ ನಾಲ್ಕು ತಿಂಗಳೊಳಗೆ ಬಿಲ್ಡರ್ ಕನ್ವೇಯನ್ಸ್ ಎಂಬ ಹಸ್ತಾಂತರ ಪತ್ರವನ್ನು ಮಾಡಿಕೊಡಬೇಕು. ಅನೇಕರು ಮಾಡಿಕೊಡಲಿಲ್ಲ. ಹಸ್ತಾಂತರವಾಗದ ಭೂಮಿಯಲ್ಲಿ ಮುಂದೆ ದೊರೆಯುವ ಹೆಚ್ಚುವರಿ ನಿರ್ಮಾಣದ ಹಕ್ಕಿನ ಮೇಲೆ ಬಿಲ್ಡರ್ ಕಣ್ಣಿಡುವುದೇ ಇದಕ್ಕೆ ಒಂದು ಕಾರಣ. 2008ರ ತಿದ್ದುಪಡಿಯು ಇದಕ್ಕೆ ಪರಿಹಾರ ಒದಗಿಸಿತು. ಬಿಲ್ಡರ್ ಒಪ್ಪದಿದ್ದರೂ ಸಂಘವು ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಿ 'ಡೀಮ್ಡ್ ಕನ್ವೇಯನ್ಸ್' ಪಡೆಯಬಹುದು. ಕಟ್ಟಡ ಗಟ್ಟಿಯಾಗಿರುವಾಗಲೇ ಈ ಕೆಲಸವನ್ನು ಮುಗಿಸಿಕೊಂಡ ಸಂಘವು ಮುಂದೆ ಪುನರ್ನಿರ್ಮಾಣದ ವೇಳೆ ಯಾರ ಎದುರಿಗೂ ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಹಳೆಯ ಕಟ್ಟಡ ಮತ್ತು ಪುನರ್ನಿರ್ಮಾಣ

ಸಮುದ್ರದ ಉಪ್ಪುಗಾಳಿ ಮತ್ತು ಮುಂಗಾರಿನ ನೀರು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಮೇಲಿನ ಗಿಲಾವು ಮತ್ತು ಬಣ್ಣ ಇದನ್ನು ಮರೆಮಾಡಬಲ್ಲವು, ತಡೆಯಲಾರವು. ಆದ್ದರಿಂದ 15ರಿಂದ 30 ವರ್ಷದ ಕಟ್ಟಡಗಳನ್ನು ಐದು ವರ್ಷಕ್ಕೊಮ್ಮೆ, 30 ವರ್ಷ ಮೀರಿದವನ್ನು ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಇಂಜಿನಿಯರಿಂದ ತಪಾಸಣೆ ಮಾಡಿಸಬೇಕೆಂದು ಮಾದರಿ ಉಪವಿಧಿಗಳು ಹೇಳುತ್ತವೆ. ಈ ತಪಾಸಣೆಯ ಶುಲ್ಕವನ್ನು ಉಳಿಸಲು ಹೋಗುವುದು ಜೀವದೊಡನೆ ಆಡುವ ಆಟ.

ಪುನರ್ನಿರ್ಮಾಣಕ್ಕಾಗಿ ಬಿಲ್ಡರನ್ನು ಆರಿಸುವ ಕ್ರಮವನ್ನು ಮಹಾರಾಷ್ಟ್ರ ಸರಕಾರವು 2019ರ ಜುಲೈ 4ರ ಆದೇಶದಲ್ಲಿ ವಿವರಿಸಿದೆ. ವಿಶೇಷ ಮಹಾಸಭೆಗೆ ಮೂರನೇ ಎರಡರಷ್ಟು ಸದಸ್ಯರ ಹಾಜರಾತಿ ಮತ್ತು ಯೋಜನೆಗೆ ಒಟ್ಟು ಸದಸ್ಯರ ಶೇಕಡಾ 51ರ ಒಪ್ಪಿಗೆ ಅದರ ಮುಖ್ಯ ಅಂಶಗಳು. ಬಿಲ್ಡರನ ನೆರವಿಲ್ಲದೆ ಸಂಘವೇ ಸಾಲ ಪಡೆದು, ಗುತ್ತಿಗೆದಾರನನ್ನು ನೇಮಿಸಿ ಕಟ್ಟಡ ಕಟ್ಟಿಸುವ ಸ್ವಯಂ ಪುನರ್ನಿರ್ಮಾಣಕ್ಕೆ ಅದೇ ವರ್ಷದ ಸೆಪ್ಟೆಂಬರ್ 13ರ ಆದೇಶವು ರಿಯಾಯಿತಿಗಳನ್ನು ಘೋಷಿಸಿತು. ಮುಂಬಯಿ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು ಇದಕ್ಕೆ ಸಾಲ ನೀಡಲು ಮುಂದಾಯಿತು. ಬಿಲ್ಡರನಿಗೆ ಹೋಗುತ್ತಿದ್ದ ಲಾಭ ಇಲ್ಲಿ ಸದಸ್ಯರಿಗೆ ಉಳಿಯುತ್ತದೆ. ಆದರೆ ನಷ್ಟದ ಅಪಾಯವೂ ಅವರದೇ. ಲೆಕ್ಕಪತ್ರ ಶುದ್ಧವಾಗಿರುವ, ಭೂಮಿಯ ಹಕ್ಕು ನಿರ್ವಿವಾದವಾಗಿರುವ, ಸದಸ್ಯರಲ್ಲಿ ಒಮ್ಮತವಿರುವ ಸಂಘಕ್ಕೆ ಮಾತ್ರ ಬ್ಯಾಂಕು ಸಾಲ ಕೊಡಲು ಧೈರ್ಯ ಮಾಡುತ್ತದೆ. ಹಿಂದಿನ ಮೂವತ್ತು ವರ್ಷಗಳ ನಿರ್ವಹಣೆಯೇ ಮುಂದಿನ ಕಟ್ಟಡದ ಜಾಮೀನು.

ಸದಸ್ಯರ ಹೊಣೆ

ಸಂಘದ ಆಡಳಿತವು ಕೆಟ್ಟಾಗ ಪದಾಧಿಕಾರಿಗಳನ್ನು ದೂರುವುದು ವಾಡಿಕೆ. ಆದರೆ ಮಹಾಸಭೆಗೆ ಬಾರದ, ಜಮಾಖರ್ಚಿನ ತಃಖ್ತೆಯನ್ನು ಓದದ, ಯಾವ ಹೊಣೆಯನ್ನೂ ಹೊರಲೊಪ್ಪದ ಸದಸ್ಯನ ಪಾಲೂ ಅದರಲ್ಲಿ ಇದೆ. ವರ್ಷಕ್ಕೊಮ್ಮೆ ಎರಡು ಗಂಟೆ ಸಭೆಯಲ್ಲಿ ಕುಳಿತು ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು: ಬಾಕಿ ಎಷ್ಟು? ಸಿಂಕಿಂಗ್ ಫಂಡ್ ಎಲ್ಲಿದೆ? ಲೆಕ್ಕಪರಿಶೋಧಕರ ಆಕ್ಷೇಪಗಳಿಗೆ ಏನು ಉತ್ತರ ಕೊಡಲಾಗಿದೆ? ಭೂಮಿಯ ಹಸ್ತಾಂತರ ಆಗಿದೆಯೇ? ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಕೊಡಬಲ್ಲ ಸಂಘದಲ್ಲಿ ಸದಸ್ಯರ ಹಣವೂ ಸುರಕ್ಷಿತ, ಸೂರೂ ಸುರಕ್ಷಿತ. ಉತ್ತರ ದೊರೆಯದಿದ್ದಲ್ಲಿ ದಾಖಲೆಗಳನ್ನು ಕೇಳಿ ನೋಡುವ ಹಕ್ಕನ್ನು ಕಾನೂನು ಪ್ರತಿ ಸದಸ್ಯನಿಗೂ ಕೊಟ್ಟಿದೆ. ಆ ಹಕ್ಕನ್ನು ಸಕಾಲದಲ್ಲಿ ಬಳಸಿಕೊಳ್ಳುವುದು ತನ್ನ ಮನೆಗೂ ನೆರೆಮನೆಗೂ ಸದಸ್ಯನು ಸಲ್ಲಿಸಬೇಕಾದ ಕರ್ತವ್ಯ.